ಮೊಟ್ಟೆ ಇಲ್ಲ, ಮೆಷಿನ್ ಇಲ್ಲ. ಮನೇಲಿ ಪಾಸ್ತಾ ಮಾಡೋದು ಮೈದಾದಲ್ಲಾ, ಚಿರೋಟಿ ರವೇಲಾ, ಬನ್ಸೀಲಾ?

ಕುವೆಂಪುನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಬರೋ ಭಾನುವಾರ ಅವಳ ಸ್ನೇಹಿತೆಯರು ಊಟಕ್ಕೆ ಬರ್ತಿದ್ದಾರೆ, ಇವಳೂ ಸೇರಿ ಆರು ಮಕ್ಕಳು. "ಪ್ಯಾಕೆಟ್ ಪಾಸ್ತಾ ಬೇಡ, ನಾವೇ ಕೈಯಲ್ಲಿ ಮಾಡೋಣ" ಅಂತ ಒಂದೇ ಹಟ. ಯಾವುದೋ ವೀಡಿಯೊದಲ್ಲಿ ಇಟಲಿ ಅಜ್ಜಿಯೊಬ್ಬರು ಹಲಗೆ ಮೇಲೆ ಹಿಟ್ಟು ಗುಡ್ಡೆ ಹಾಕಿ, ನಡುವೆ ಗುಂಡಿ ತೋಡಿ, ಮೊಟ್ಟೆ ಒಡೆದು ಕಲಸೋದನ್ನ ನೋಡಿಕೊಂಡು ಬಂದಿದ್ದಾಳೆ.

ತೊಡಕು ಅಲ್ಲೇ. ನಮ್ಮನೇಲಿ ಮೊಟ್ಟೆ ಒಳಗೆ ಬರೋ ಹಾಗಿಲ್ಲ. ನಮ್ಮತ್ತೆ ಮಿಕ್ಕಿದ್ದಕ್ಕೆಲ್ಲ ಏನೂ ಅನ್ನಲ್ಲ. ಮೊಮ್ಮಗಳು ಹೊರಗಡೆ ಕೇಕ್ ತಿಂದು ಬಂದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರ್ತಾರೆ. ಬೆಳ್ಳುಳ್ಳಿ ಕೂಡ ನಡೆಯುತ್ತೆ. ಆದರೆ ಒಲೆ ಹತ್ತಿರ ಮೊಟ್ಟೆ ಬರಬಾರದು, ಅಷ್ಟೇ. ಇದನ್ನ ಹೇಗೆ ಬದಲಾಯಿಸಬೇಕು ಅಂತ ಯಾರೂ ಬುದ್ಧಿ ಹೇಳಬೇಡಿ, ದಯವಿಟ್ಟು.

ಡಬ್ಬಿಗಳಲ್ಲಿ ಇರೋದು: ಮೈದಾ, ಚಪಾತಿಗೆ ಬೀಸಿಸಿದ ಗೋಧಿ ಹಿಟ್ಟು, ಯುಗಾದಿ ಒಬ್ಬಟ್ಟಿಗೆ ತಂದು ಮಿಕ್ಕಿದ ಚಿರೋಟಿ ರವೆ, ಉಪ್ಪಿಟ್ಟಿಗೆ ಬನ್ಸಿ ರವೆ. ಸಾಮಾನು ಅಂದರೆ ಚಪಾತಿ ಮಣೆ, ಲಟ್ಟಣಿಗೆ, ಅತ್ತೆಯವರ ಕಾಲದ ಹಿತ್ತಾಳೆ ಚಕ್ಕುಲಿ ಒರಳು. ಇದರಲ್ಲಿ ಯಾವ ಹಿಟ್ಟು ಹಿಡಿಯುತ್ತೆ? ಕಣಕದ ಹಾಗೆ ಸಡಿಲ ಕಲಸಬೇಕಾ, ಪೂರಿ ಹಾಗೆ ಗಟ್ಟಿನಾ? ಒರಳಲ್ಲಿ ಒತ್ತಿದರೆ ಸ್ಪಗೆಟ್ಟಿ ಬರುತ್ತಾ? ಶನಿವಾರವೇ ಅರ್ಧ ಕೆಲಸ ಮುಗಿಸಿ ಇಟ್ಟುಕೊಳ್ಳಬಹುದಾ?

ಪ್ಯಾಕೆಟ್ ಪಾರ್ಟಿ

ಮೇಡಂ, ಆರು ಮಕ್ಕಳು, ಮೊಟ್ಟೆ ಇಲ್ಲ, ಮೆಷಿನ್ ಇಲ್ಲ. ಅಂಗಡೀಲಿ ಅರ್ಧ ಕೆಜಿ ಪ್ಯಾಕೆಟ್ ಸಿಗುತ್ತೆ, ಎರಡು ತಂದು ಕುದಿಸಿ ಬಡಿಸಿ. ಮಕ್ಕಳು ಹತ್ತು ನಿಮಿಷದಲ್ಲಿ ತಿಂದು ಫೋನ್ ಹಿಡ್ಕೊಂಡು ಕೂರ್ತಾರೆ. ನೀವು ಮಾತ್ರ ರಾತ್ರಿವರೆಗೂ ಸೊಂಟ ಹಿಡ್ಕೊಂಡು ಓಡಾಡ್ತೀರಿ.

ವಿವಿ ಮೊಹಲ್ಲಾ ರುಚಿ

ನಿಮಗೆ ಮೊಟ್ಟೆ ಬೇಡ ಅಂತ ಗೊತ್ತು. ಆದರೂ ಇದನ್ನ ಓದೋ ಬೇರೆಯವರಿಗೆ ಇರಲಿ ಅಂತ ಮೊಟ್ಟೆ ಲೆಕ್ಕ ಬರೀತೀನಿ. ಇಟಲಿಯವರ ಲೆಕ್ಕ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಅವರದು ದಪ್ಪ ಮೊಟ್ಟೆ. ನಮ್ಮ ಅಂಗಡಿ ಮೊಟ್ಟೆ ಚಿಪ್ಪು ತೆಗೆದರೆ 45 ಗ್ರಾಂ ಆಸುಪಾಸು ಬರುತ್ತೆ. ಹಾಗಾಗಿ ಅದೇ ಲೆಕ್ಕದಲ್ಲಿ ಕಲಸಿದರೆ ಹಿಟ್ಟು ಒಡೆಯುತ್ತೆ, ಮೇಲೆ ಒಂದೆರಡು ಚಮಚ ನೀರು ಬೇಕಾಗುತ್ತೆ. ಮೈದಾ ಆದರೂ ನಡೆಯುತ್ತೆ, ಯಾಕಂದರೆ ಬಿಸಿ ನೀರಿಗೆ ಬಿದ್ದ ತಕ್ಷಣ ಮೊಟ್ಟೆ ಗಟ್ಟಿಯಾಗಿ ಹಿಟ್ಟನ್ನ ಹಿಡಿದುಕೊಳ್ಳುತ್ತೆ. ತೆಳ್ಳಗೆ ಲಟ್ಟಿಸಿ, ಮೇಲೆ ಹಿಟ್ಟು ಉದುರಿಸಿ, ಮಡಿಚಿ, ಚಾಕುವಲ್ಲಿ ಪಟ್ಟಿ ಪಟ್ಟಿ ಕತ್ತರಿಸಿದರೆ ತಲ್ಯತೆಲ್ಲೆ. ಇಟಲಿಯ ಬೊಲೋನ್ಯಾ ಅನ್ನೋ ಊರಿನವರು ಇದರ ಅಗಲಕ್ಕೂ ಕಟ್ಟುಪಾಡು ಮಾಡಿಟ್ಟಿದ್ದಾರೆ: ಬೆಂದ ಮೇಲೆ 8 ಮಿಲಿಮೀಟರ್ ಇರಬೇಕು ಅಂತ 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳೀಲಿ ಬರೆಸಿಟ್ಟು, ಚಿನ್ನದಲ್ಲಿ ಒಂದು ಮಾದರಿ ಪಟ್ಟಿ ಬೇರೆ ಮಾಡಿಸಿ ಇಟ್ಟಿದ್ದಾರೆ. ನಮ್ಮನೇಲಿ ಸ್ಕೇಲ್ ಇಟ್ಟು ಅಳೆಯೋರು ಯಾರೂ ಇಲ್ಲ, ಪುಣ್ಯ.

ಮೊಟ್ಟೆ ಹಾಕಿದ್ದನ್ನ ಮಾತ್ರ ನಮ್ಮ ಬೇಸಿಗೇಲಿ ದಾರದ ಮೇಲೆ ನೇತುಹಾಕಿ ಒಣಗಿಸೋಕೆ ಹೋಗಬೇಡಿ. ಮಾಡಿದ ದಿನ ತಿನ್ನಿ, ಇಲ್ಲ ಫ್ರೀಜರ್‌ಗೆ ಹಾಕಿ.

ಮದ್ದೂರು ಮೆಸ್

ಅಕ್ಕ, ನಾನು ಬೆಂಗಳೂರಲ್ಲಿ ಒಂದು ಇಟಾಲಿಯನ್ ಹೋಟ್ಲು ಅಡುಗೆಮನೇಲಿ ಬಲು ವರ್ಷ ಹಿಟ್ಟು ಕಲಸಿದೋನು. ಈಗ ಊರಿಗೆ ಬಂದು ಮೆಸ್ ಇಟ್ಕೊಂಡಿವ್ನಿ. ಮುದ್ದೆ, ಉಪ್ಸಾರು, ಸೊಪ್ಪಿನ ಪಲ್ಯ. ಪಾಸ್ತಾ ಇಲ್ಲಿ ಯಾರೂ ಕೇಳಲ್ಲ, ಆದ್ರೂ ಕೈ ಮರ್ತಿಲ್ಲ. ಒಸಿ ಉದ್ದ ಬರೀತೀನಿ, ಬೇಜಾರು ಮಾಡ್ಕೋಬ್ಯಾಡಿ.

ಪಾಸ್ತಾಗೆ ಮೊಟ್ಟೆ ಬೇಕೇಬೇಕು ಅನ್ನದು ಇಟಲಿ ಉತ್ತರದೋರ ಪದ್ಧತಿ. ಆ ಬೊಲೋನ್ಯಾ ಸೀಮೇಲಿ ಮೆತ್ತನೆ ಗೋಧಿ, ಅದ್ಕೆ ಮೊಟ್ಟೆ ಆಸರೆ. ದಕ್ಷಿಣಕ್ಕೆ ಪುಲಿಯಾ ಕಡೆ ಹೋದ್ರೆ ಡ್ಯೂರಂ ಅಂತ ಗಟ್ಟಿ ಜಾತಿ ಗೋಧಿ ರವೆ ಹಿಟ್ಟು, ನೀರು, ಮುಗೀತು. ಬಾರಿ ಅಂತ ಒಂದು ಊರದೆ, ಅಲ್ಲಿ ಹಳೇ ಪೇಟೆ ಓಣೀಲಿ ಹೆಂಗಸರು ಬಾಗಿಲ ಮುಂದೆ ಮೇಜು ಹಾಕ್ಕೊಂಡು ಇವತ್ತಿಗೂ ಒರೆಕಿಯೆಟ್ಟೆ ಅಂತ ಪುಟಾಣಿ ಬಟ್ಟಲು ಬಟ್ಟಲಾಗಿರೋ ಪಾಸ್ತಾ ಮಾಡಿ ಮಾರ್ತಾರೆ. ಒಂದು ಮೊಟ್ಟೆ ಇಲ್ಲ, ಒಂದು ಮೆಷಿನ್ ಇಲ್ಲ. ಒಂದು ಮೊಂಡ ಚಾಕು, ಹೆಬ್ಬೆಟ್ಟು. ನಿಮ್ಮ ಅತ್ತೇರು ಪಕ್ಕದಲ್ಲಿ ಕೂತು ನೋಡಿದ್ರೂ ಒಂದು ಮಾತು ಅನ್ನೋಕೆ ಜಾಗ ಇಲ್ಲ.

ಈಗ ಹಿಟ್ಟಿನ ವಿಚಾರ. ಇಟಲೀಲಿ 1967ರಲ್ಲಿ ಕಾನೂನೇ ಮಾಡವ್ರೆ, ಒಣ ಪಾಸ್ತಾ ಡ್ಯೂರಂ ಗೋಧೀದೇ ಆಗಿರ್ಬೇಕು ಅಂತ. ಆ ಜಾತಿ ಗೋಧಿ ನಿಮ್ಮ ಡಬ್ಬೀಲೇ ಕೂತದೆ. ಬನ್ಸಿ ಅಂದ್ರೆ ಅದೇ. ಅಂಗೈ ಮೇಲೆ ಒಂದಿಷ್ಟು ಸುರ್ಕೊಂಡು ಕಿಟಕಿ ಹತ್ರ ನೋಡಿ. ಕಾಳು ತಿಳಿ ಹಳದಿ ಇದ್ದು, ಒಡೆದ ಗಾಜಿನ ಚೂರಿನ ಹಂಗೆ ಮಿಂಚಿದ್ರೆ ಸರಿಯಾದ ಬನ್ಸಿ. ಬೆಳ್ಳಗೆ ಸುಣ್ಣದ ಪುಡಿ ಬಣ್ಣ ಇದ್ರೆ ಹೆಸರು ಮಾತ್ರ ಬನ್ಸಿ, ಒಳಗೆ ಮಾಮೂಲಿ ಗೋಧಿ.

ಇನ್ನೊಂದು, ಇದು ಬಾಳ ಮುಖ್ಯ ಕಣಕ್ಕ. ಪ್ಯಾಕೆಟ್ ತಿರುಗಿಸಿ ಓದಿ. ಹುರಿದ ರವೆ, ರೋಸ್ಟೆಡ್, ಹಿಂಗೆ ಏನಾದ್ರೂ ಬರ್ದಿದ್ರೆ ಅದನ್ನ ಉಪ್ಪಿಟ್ಟಿಗೇ ಇಟ್ಕೊಳಿ. ಹುರಿದ್ರೆ ಗೋಧೀಲಿರೋ ಅಂಟು ಸತ್ತೋಯ್ತದೆ. ನೀವು ಎಷ್ಟೇ ನಾದಿ, ಅದು ಒಂದಕ್ಕೊಂದು ಹಿಡ್ಕೊಳಲ್ಲ, ಕುದಿಯೋ ನೀರಿಗೆ ಬಿಟ್ರೆ ಗಂಜಿ. ಮನೇಲಿ ಹುಳ ಬರ್ದಂಗೆ ಬಿಸಿ ಮಾಡಿಟ್ಟಿದ್ರೂ ಅಷ್ಟೆ.

ಉಪ್ಪಿಟ್ಟಿನ ಬನ್ಸಿ ದಪ್ಪ, ಹಂಗೇ ಕಲಸೋಕೆ ಬರಲ್ಲ. ಮಿಕ್ಸಿ ಸಣ್ಣ ಜಾರಲ್ಲಿ ಒಂದೊಂದು ಬಟ್ಟಲು ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಜಾರ್ ಬೆಚ್ಚಗಾದ್ರೆ ನಿಲ್ಲಿಸಿ, ಆರ್ಲಿ. ಮೈದಾ ಜರಡೀಲಿ ಜರಡಿ ಹಿಡೀರಿ. ಮೇಲೆ ನಿಂತಿದ್ದು ಸೋಮವಾರದ ಉಪ್ಪಿಟ್ಟಿಗೆ. ಕೆಳಗೆ ಬಿದ್ದದ್ದು ಬೆರಳಲ್ಲಿ ಉಜ್ಜಿದ್ರೆ ಚೂರೇ ಚೂರು ಮರಳು ಮರಳಾಗಿ ಸಿಗ್ಬೇಕು. ಪೂರ್ತಿ ಪೌಡರ್ ಆಗೋದು ಬ್ಯಾಡ. ಇಷ್ಟು ಮಾಡೋಕೆ ಪುರ್ಸೊತ್ತಿಲ್ಲ ಅಂದ್ರೆ ಅರ್ಧ ಬನ್ಸಿ ಹಿಟ್ಟು, ಅರ್ಧ ಚಿರೋಟಿ ರವೆ. ಚಿರೋಟಿ ರವೆ ಮಾಮೂಲಿ ಗೋಧೀದು, ಒಸಿ ಮೆತ್ತಗೆ ಬತ್ತದೆ, ಆದ್ರೂ ಕೆಡಲ್ಲ. ಬರೀ ಮೈದಾ ನೀರು ಮಾತ್ರ ಬ್ಯಾಡ. ಮೊಟ್ಟೇನೂ ಇಲ್ಲ, ಗಟ್ಟಿ ಗೋಧೀನೂ ಇಲ್ಲ ಅಂದ್ರೆ ಅದು ಯಾವ ಧೈರ್ಯದ ಮೇಲೆ ನಿಲ್ತದೆ?

ಅಳತೆ: ನಿಮಗೆಲ್ಲ ಸೇರಿ 700 ಗ್ರಾಂ ಹಿಟ್ಟು ಸಾಕು. ನೂರು ಗ್ರಾಂಗೆ 50 ಎಂಎಲ್ ಉಗುರು ಬೆಚ್ಚಗಿನ ನೀರು. ಪೂರ್ತಿ ಒಂದೇ ಸಲ ಕಲಸ್ಬ್ಯಾಡಿ, ರಟ್ಟೆ ಬಿದ್ದೋಯ್ತದೆ, ಎರಡು ಪಾಲು ಮಾಡ್ಕೊಳಿ. ಹಿಟ್ಟಿಗೆ ಉಪ್ಪು ಬ್ಯಾಡ, ಎಣ್ಣೆ ಬ್ಯಾಡವೇ ಬ್ಯಾಡ.

ಮೈಸೂರು ಕೈ ಇಲ್ಲೇ ದಾರಿ ತಪ್ಪೋದು. ನಿಮ್ಮ ಕೈಗೆ ಕಣಕ ರೂಢಿ. ಕಣಕ ಸಡಿಲ ಇರ್ಬೇಕು, ಎಣ್ಣೇಲಿ ನೆನೀಬೇಕು, ಎಳೆದಂಗೆಲ್ಲ ಬರ್ಬೇಕು. ಇದು ಪೂರಾ ಉಲ್ಟಾ. ನೀರು ಹಾಕಿ ಕಲಸ್ತೀರಲ್ಲ, ಮೊದ್ಲು ಐದು ನಿಮಿಷ ಪುಡಿ ಪುಡಿ, ಗಂಟು ಗಂಟು, ತಟ್ಟೆ ತಳದಲ್ಲಿ ಒಣ ಹಿಟ್ಟು. ಅವಾಗ ಕೈ ತಾನೇ ನೀರಿನ ಚೊಂಬಿಗೆ ಹೋಯ್ತದೆ. ಬಿಡ್ಬ್ಯಾಡಿ! ಪುಡೀನೆಲ್ಲ ಒತ್ತಿ ಒತ್ತಿ ಒಂದು ಗುಡ್ಡೆ ಮಾಡಿ, ಮೇಲೆ ಪಾತ್ರೆ ಬೋರಲು ಹಾಕಿ, ಹೋಗಿ ಒಂದು ಕಾಫಿ ಕುಡೀರಿ. ರವೆ ನೀರು ಕುಡಿಯೋದು ನಿಧಾನ. ಹತ್ತು ನಿಮಿಷ ಬಿಟ್ಟು ಬಂದು ಮುಟ್ಟಿ, ಅದೇ ಗುಡ್ಡೆ ಹಸಿ ಆಗಿರ್ತದೆ, ಒಂದು ತೊಟ್ಟು ನೀರು ಹಾಕ್ದೇನೇ.

ಆಮೇಲೆ ನಾದೋದು. ಅಂಗೈ ಬುಡದಲ್ಲಿ ಮುಂದಕ್ಕೆ ತಳ್ಳಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ. ಗಟ್ಟಿ ಇರ್ತದೆ, ಮಣೆ ಜರುಗ್ತದೆ, ಕೆಳಗೆ ಒದ್ದೆ ಬಟ್ಟೆ ಹಾಕ್ಕೊಳಿ. ಅಡುಗೆ ಕಟ್ಟೆ ಎತ್ತರ ಆದ್ರೆ ನೆಲದ ಮೇಲೆ ಮಣೆ ಹಾಕ್ಕೊಂಡು ಕೂತ್ರೆ ಭಾರ ಚೆನ್ನಾಗಿ ಬೀಳ್ತದೆ. ಹತ್ತು ನಿಮಿಷದೊಳಗೆ ಬಣ್ಣ ಬದಲಾಯ್ತದೆ, ಮಾಸಲು ಹಳದಿ ಹೋಗಿ ದಂತದ ಬಣ್ಣ. ಮರಳು ಮರಳು ಹೋಗಿ ನುಣ್ಣಗೆ. ಬೆರಳಲ್ಲಿ ಒತ್ತಿದ್ರೆ ಗುಂಡಿ ನಿಧಾನಕ್ಕೆ ಮೇಲಕ್ಕೆ ಏಳ್ತದೆ. ಅಷ್ಟಾದ್ಮೇಲೆ ಅರ್ಧ ಗಂಟೆ ಮುಚ್ಚಿಟ್ಟುಬಿಡಿ. ಇದನ್ನ ತಪ್ಪಿಸ್ಬ್ಯಾಡಿ. ನಾದಿದ ಹಿಟ್ಟು ಬಿಗ್ದುಕೊಂಡಿರ್ತದೆ, ಎಳೆದ್ರೆ ವಾಪಸ್ ಹೋಯ್ತದೆ. ಒಸಿ ಹೊತ್ತು ಬಿಟ್ರೆ ಅಂಟು ಸಡಿಲಾಗಿ ಮಾತು ಕೇಳ್ತದೆ.

ಆಕಾರ ಮಾಡೋದು ಮಕ್ಕಳ ಕೆಲ್ಸ, ಅವ್ರಿಗೆ ಬಿಡಿ. ಒಂದು ಮುಷ್ಟಿ ಹಿಟ್ಟು ತಗೊಂಡು ಕಿರುಬೆರಳ ದಪ್ಪಕ್ಕೆ ಹೊಸೀರಿ. ಮಿಕ್ಕಿದ್ದು ಮುಚ್ಚಿರ್ಲಿ, ಫ್ಯಾನ್ ಗಾಳಿಗೆ ಬೇಗ ಪೊರೆ ಕಟ್ತದೆ. ಉಗುರಿನಷ್ಟು ಉದ್ದಕ್ಕೆ ತುಂಡು ಮಾಡಿ. ಮೊಂಡ ಚಾಕು, ಬೆಣ್ಣೆ ಹಚ್ಚೋದು ಸಿಕ್ಕಿದ್ರೆ ಒಳ್ಳೇದು, ಅದನ್ನ ತುಂಡಿನ ಆಚೆ ಅಂಚಿನ ಮೇಲೆ ಓರೆಯಾಗಿ ಇಟ್ಟು, ಒತ್ತಿ, ನಿಮ್ಮ ಕಡೆಗೆ ಎಳೀರಿ. ತುಂಡು ಚಾಕುಗೆ ಸುತ್ಕೊಂಡು ಸುರುಳಿ ಆಯ್ತದೆ. ಅದನ್ನ ಹೆಬ್ಬೆಟ್ಟಿನ ತುದಿಗೆ ಟೋಪಿ ಹಾಕ್ದಂಗೆ ಹೊರಳಿಸಿ, ಒಳಗಿದ್ದ ಒರಟು ಮೈ ಹೊರಗೆ ಬರ್ತದೆ. ಒರೆಕಿಯೆಟ್ಟೆ ಆಯ್ತು. ಆ ಒರಟು ಮೈಯೇ ಸಾಸ್ ಹಿಡಿಯೋದು. ಕೈಗೆ ಬರ್ಲಿಲ್ಲ ಅಂದ್ರೆ ಚಾಕು ಬಿಟ್ಟು ಎರಡು ಬೆರಳಲ್ಲಿ ಒತ್ತಿ ಎಳೀರಿ, ದೋಣಿ ದೋಣಿ ಥರ ಬತ್ತದೆ, ಅದಕ್ಕೆ ಕವತೆಲ್ಲಿ ಅಂತಾರೆ. ಫೋರ್ಕ್ ಬೆನ್ನಿನ ಮೇಲೆ ಉರುಳಿಸಿದ್ರೆ ಗೀರು ಗೀರು. ಒಂದೊಂದು ಮಗು ಒಂದೊಂದು ಥರ ಮಾಡ್ತದೆ, ಮಾಡ್ಲಿ. ದಪ್ಪ ಮಾತ್ರ ಎಲ್ಲಾ ಒಂದೇ ಸಮ ಇರ್ಲಿ, ಇಲ್ಲಾಂದ್ರೆ ಕೆಲವು ಬೇಯ್ತವೆ ಕೆಲವು ಬೇಯಲ್ಲ.

ಮಾಡಿದ್ದನ್ನ ಹಳೇ ಪಂಚೆ ಮೇಲೆ ಒಂದಕ್ಕೊಂದು ತಾಗದಂಗೆ ಹರಡಿ, ಮೇಲೆ ಒಸಿ ರವೆ ಉದುರಿಸಿ. ಬಿಸಿಲಿಗೆ ಇಡ್ಬ್ಯಾಡಿ. ಹೊರಮೈ ಬೇಗ ಒಣಗಿ ಒಳಗೆ ಹಸಿ ಉಳೀತದೆ, ಕೂದಲೆಳೆ ಬಿರುಕು ಬಿಡ್ತದೆ, ನೀರಿಗೆ ಹಾಕ್ದಾಗ ಹೋಳು ಹೋಳು. ನೆರಳಲ್ಲಿ ಒಂದು ಗಂಟೆ ಸಾಕು.

ಕುವೆಂಪುನಗರದ ಸೊಸೆ

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪ್ಯಾಕೆಟ್ ನೋಡಿದೆ, ಹುರಿದದ್ದಲ್ಲ, ಬಣ್ಣಾನೂ ಹಳದಿ ಇದೆ. ಅತ್ತೆಗೆ ಓದಿ ಹೇಳಿದೆ. "ಇದು ನಮ್ಮಮ್ಮ ಗೋಧಿ ಶ್ಯಾವಿಗೆ ಹೊಸೀತಿದ್ದರಲ್ಲ, ಅದೇ ತಾನೆ" ಅಂದರು. ಚಕ್ಕುಲಿ ಒರಳಿನ ವಿಷಯ ನೀವು ಹೇಳಲಿಲ್ಲ. ಒತ್ತು ಶ್ಯಾವಿಗೆ ಒತ್ತಲ್ವಾ, ಹಾಗೇ ಇದನ್ನೂ ಒತ್ತಬಹುದಲ್ಲ ಅಂತ ಅವರ ವಾದ.

ಇಲವಾಲ

ನಡುವೆ ಬಾಯಿ ಹಾಕ್ತಿದ್ದೀನಿ. ಮಿಕ್ಸಿ ಕಷ್ಟ ಯಾಕೆ? ಸಂತೇಪೇಟೇಲಿ ಬನ್ಸಿ ಗೋಧಿ ಕೇಳಿ, ಸಿಕ್ಕರೆ ಎರಡು ಕೆಜಿ ತಂದು ಬೀದಿ ಫ್ಲೋರ್ ಮಿಲ್‌ನಲ್ಲಿ ಸಣ್ಣಗೆ ಬೀಸಿಸಿಬಿಡಿ. ಫ್ರೆಶ್ ಹಿಟ್ಟು, ತೌಡಿನ ಸಮೇತ, ಆರೋಗ್ಯಕ್ಕೂ ಒಳ್ಳೇದು.

ರೋಲರ್ ಮಿಲ್ ನಿವೃತ್ತ

ಇಲವಾಲದವರಿಗೆ: ಆರೋಗ್ಯಕ್ಕೆ ಒಳ್ಳೆಯದು ಸರಿ, ಪಾಸ್ತಾಗೆ ಅಲ್ಲ. ನಾನು ಹಿಟ್ಟಿನ ಗಿರಣಿಯಲ್ಲೇ ನೌಕರಿ ಮುಗಿಸಿದವನು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಗಿರಣಿ ತಂತ್ರಜ್ಞಾನ ಕಲಿಸುವುದಕ್ಕೆಂದೇ ಒಂದು ಶಾಲೆ ಇದೆ, ಅಲ್ಲಿ ತರಬೇತಿಯನ್ನೂ ಪಡೆದಿದ್ದೇನೆ. ಆ ಹಕ್ಕಿನಿಂದ ಎರಡು ಮಾತು.

ಬೀದಿಯ ಚಕ್ಕಿಯಲ್ಲಿ ಎರಡು ಕಲ್ಲುಗಳ ನಡುವೆ ಕಾಳು ಪೂರ್ತಿ ಜಜ್ಜಿಹೋಗುತ್ತದೆ, ಹಿಟ್ಟು ಕೈಗೆ ಸುಡುವಷ್ಟು ಬಿಸಿಯಾಗಿ ಬರುತ್ತದೆ. ಆಗ ಪಿಷ್ಟದ ಕಣಗಳಿಗೆ ಪೆಟ್ಟಾಗುತ್ತದೆ. ಪೆಟ್ಟಾದ ಪಿಷ್ಟ ನೀರನ್ನು ಹೆಚ್ಚು ಕುಡಿಯುತ್ತದೆ. ಚಪಾತಿ ಮೆತ್ತಗೆ ಉಳಿಯುವುದಕ್ಕೆ ಇದೇ ಕಾರಣ, ಅಲ್ಲಿ ಅದು ಗುಣ. ಪಾಸ್ತಾದಲ್ಲಿ ಅದೇ ದೋಷ: ಬೇಯಿಸುವಾಗ ಪಿಷ್ಟ ನೀರಿಗೆ ಬಿಟ್ಟುಕೊಂಡು ಮೇಲ್ಮೈ ಲೋಳೆಯಾಗುತ್ತದೆ. ಜೊತೆಗೆ ತೌಡಿನ ಚೂಪು ಚೂರುಗಳು ಅಂಟಿನ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುತ್ತವೆ. ರೋಲರ್ ಮಿಲ್ಲಿನಲ್ಲಿ ಹಾಗಲ್ಲ. ಉರುಳೆಗಳು ಕಾಳನ್ನು ಬಿಚ್ಚಿ ಒಳಗಿನದನ್ನು ಹಂತಹಂತವಾಗಿ ಕೆರೆಯುತ್ತವೆ, ಜರಡಿ ಮತ್ತು ಗಾಳಿಯಿಂದ ತೌಡು ಹಾರಿಸಿ ರವೆ ಬೇರೆ ಮಾಡುತ್ತಾರೆ. ಆದ್ದರಿಂದ ಮದ್ದೂರಿನವರು ಹೇಳಿದಂತೆ ರವೆ ತಂದು ಸ್ವಲ್ಪವೇ ಪುಡಿ ಮಾಡುವುದು ಸರಿಯಾದ ದಾರಿ. ಮಿಕ್ಸಿಯೂ ಹೆಚ್ಚು ಹೊತ್ತು ಓಡಿದರೆ ಚಕ್ಕಿಯ ಕೆಲಸವನ್ನೇ ಮಾಡುತ್ತದೆ, ಜಾರ್ ಬೆಚ್ಚಗಾದರೆ ನಿಲ್ಲಿಸಿ ಎಂದದ್ದು ಅದಕ್ಕೇ.

ಬನ್ಸಿಯ ಹಳದಿ ಬಣ್ಣ ಕಾಳಿನಲ್ಲೇ ಇರುವ ಲ್ಯೂಟಿನ್ ಎಂಬ ಬಣ್ಣದ ಅಂಶದಿಂದ ಬಂದದ್ದು, ಯಾರೂ ಬೆರೆಸಿದ್ದಲ್ಲ. ಅದರ ಅಂಟು ಬಿಗಿ ಜಾಸ್ತಿ, ಹಿಗ್ಗುವುದು ಕಡಿಮೆ. ಬ್ರೆಡ್ಡಿಗೆ ಅಷ್ಟು ಉಬ್ಬುವುದಿಲ್ಲ, ಆದರೆ ಒತ್ತಿದ ಆಕಾರದಲ್ಲಿ ನಿಲ್ಲುತ್ತದೆ. ಉತ್ತರ ಕರ್ನಾಟಕದ ಜವೆ ಗೋಧಿಯೂ ಇದರ ಹತ್ತಿರದ ನೆಂಟ. ಇಟಲಿಯಲ್ಲಿ ಆ ಗೋಧಿಗೆ ಫಾರೋ ಎನ್ನುತ್ತಾರೆ, ಅದರಲ್ಲೂ ಪಾಸ್ತಾ ಮಾಡುತ್ತಾರೆ. ಮೈಸೂರಿನಲ್ಲಿ ಜವೆ ಗೋಧಿ ರವೆ ಕಂಡರೆ ಒಮ್ಮೆ ಮಾಡಿ ನೋಡಿ, ರುಚಿ ಬೇರೆಯೇ.

ಮದ್ದೂರು ಮೆಸ್

ಸಾರ್ ಹೇಳಿದ್ದು ಸರ್ಟಿಫಿಕೇಟ್ ಸಮೇತ ಬಂತು, ನಂಗೆ ಸಮಾಧಾನ.

ಅತ್ತೇರ ಒರಳಿನ ಪ್ರಶ್ನೆಗೆ. ಒತ್ತು ಶ್ಯಾವಿಗೆ ಬೇರೆ ಲೆಕ್ಕ ಕಣಕ್ಕ. ಅಕ್ಕಿ ಹಿಟ್ಟಲ್ಲಿ ಗೋಧಿ ಥರ ಅಂಟಿಲ್ಲ. ಅದ್ಕೇ ನಮ್ಮೋರು ಮೊದ್ಲು ಮುದ್ದೆ ಮಾಡಿ ಬೇಯ್ಸಿ, ಬಿಸಿ ಬಿಸಿ ಇರೋವಾಗ್ಲೇ ಒರಳಿಗೆ ಹಾಕಿ ಒತ್ತೋದು. ಬೆಂದ ಹಿಟ್ಟು ತಾನೇ ಅಂಟ್ಕೊತದೆ, ಮೆತ್ತಗಿರ್ತದೆ, ಸಲೀಸಾಗಿ ಇಳೀತದೆ. ಪಾಸ್ತಾ ಹಿಟ್ಟು ಹಸಿ, ಕಲ್ಲಿನಷ್ಟು ಗಟ್ಟಿ. ಚಕ್ಕುಲಿ ಒರಳಿಗೆ ಹಾಕಿ ತಿರುಗಿಸಿದ್ರೆ ಹಿಟ್ಟು ಇಳಿಯೋಕೆ ಮುಂಚೆ ಹಿಡಿ ಬರ್ತದೆ ಕೈಗೆ. ಇಳೀಲಿ ಅಂತ ನೀರು ಜಾಸ್ತಿ ಮಾಡಿದ್ರೆ ಎಳೆಗಳು ತಟ್ಟೇಲೇ ಒಂದಕ್ಕೊಂದು ಅಂಟಿ ಮುದ್ದೆ. ಇಟಲಿ ವೆನೆಟೊ ಕಡೆ ಬಿಗೋಲಿ ಅಂತ ದಪ್ಪ ಎಳೆ ಒತ್ತುತಾರೆ, ಅದ್ಕೆ ಬೆಂಚಿಗೆ ಬಿಗಿದ ದೊಡ್ಡ ಒರಳು, ಮೇಲೆ ಉದ್ದ ಹಿಡಿ. ನಮ್ಮ ಹಳ್ಳಿ ಮನೆಗಳ ಅಟ್ಟದ ಮೇಲಿರೋ ಮರದ ಶ್ಯಾವಿಗೆ ಒರಳು, ಒಬ್ರು ಮೇಲೆ ಭಾರ ಬಿಟ್ಟು ಒತ್ತುತಾರಲ್ಲ, ಅಂಥದ್ದಿದ್ರೆ ಪ್ರಯತ್ನ ಮಾಡ್ಬೋದು. ಹಿತ್ತಾಳೆ ಚಕ್ಕುಲಿ ಒರಳು ಗೋಕುಲಾಷ್ಟಮಿಗೆ ಇರ್ಲಿ. ಅತ್ತೇರು ಗೋಧಿ ಶ್ಯಾವಿಗೆ ಕೈಲಿ ಹೊಸ್ಯೋದು ಬಲ್ಲೋರಾದ್ರೆ ಅವ್ರನ್ನೇ ಮಕ್ಕಳ ಪಕ್ಕ ಕೂರ್ಸಿ, ನನ್ನ ಪಾಠ ಬೇಕಾಗಿಲ್ಲ.

ಶನಿವಾರ ಸಂಜೆ ಕಲಸಿ, ಪ್ಲಾಸ್ಟಿಕ್‌ನಲ್ಲಿ ಗಾಳಿ ಹೋಗ್ದಂಗೆ ಸುತ್ತಿ ಫ್ರಿಜ್‌ಗೆ ಹಾಕಿ. ಒಂದು ರಾತ್ರಿ ತಡೀತದೆ. ಅದಕ್ಕಿಂತ ಮೇಲೆ ಬಿಟ್ರೆ ಬೂದು ತಿರುಗ್ತದೆ. ಭಾನುವಾರ ಒಂದು ಗಂಟೆ ಮುಂಚೆ ಆಚೆ ಇಡಿ.

ಬೇಯ್ಸೋದು: ದೊಡ್ಡ ಪಾತ್ರೆ, ಲೀಟರ್ ನೀರಿಗೆ 10 ಗ್ರಾಂ ಉಪ್ಪು. ಕೊತ ಕೊತ ಕುದೀವಾಗ ಹಾಕಿ, ಒಂದು ಸಲ ಕೈಯಾಡಿಸಿ. ಐದು ನಿಮಿಷದ ಹೊತ್ತಿಗೆ ಒಂದು ತೆಗೆದು ಕಚ್ಚಿ. ತೇಲಿತು ಅಂತ ಇಳಿಸ್ಬ್ಯಾಡಿ, ದಪ್ಪ ಆಕಾರ ತೇಲಿದ್ಮೇಲೂ ಒಂದೆರಡು ನಿಮಿಷ ಬೇಡ್ತದೆ. ತಣ್ಣೀರಲ್ಲಿ ತೊಳೀಬ್ಯಾಡಿ, ಸಾಸ್ ಹಿಡಿಯೋ ಪಿಷ್ಟ ಎಲ್ಲ ಸಿಂಕಿಗೆ ಹೋಯ್ತದೆ.

ಪುಲಿಯಾದೋರು ಇದಕ್ಕೆ ಟರ್ನಿಪ್ ಗಿಡದ ಸೊಪ್ಪು ಹಾಕ್ತಾರೆ, ಕಹಿ ಚೂರು. ನಮ್ಮಲ್ಲಿ ಅದೇ ಕುಲದ್ದು ಮೂಲಂಗಿ ಸೊಪ್ಪು, ಮಾರ್ಕೆಟ್‌ನಲ್ಲಿ ಕಿತ್ತು ಬಿಸಾಕ್ತಾರಲ್ಲ ಅದು. ಎಳೇದು ನೋಡಿ ತಗೊಳಿ, ಹೆಚ್ಚಿ, ಪಾಸ್ತಾ ಬೇಯೋ ನೀರಿಗೇ ಹಾಕಿ, ಎರಡೂ ಒಟ್ಟಿಗೆ ಬೇಯ್ಲಿ. ಬಾಣಲೇಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಸಣ್ಣ ಉರಿ. ಬೆಳ್ಳುಳ್ಳಿ ಕೆಂಪಾಗೋಕೆ ಮುಂಚೆ ಸೊಪ್ಪು ಪಾಸ್ತಾ ಎರಡೂ ಬಸಿದು ಹಾಕಿ, ಬೇಯ್ಸಿದ ನೀರು ಒಂದು ಸೌಟು, ಜೋರು ಉರೀಲಿ ಎತ್ತಿ ಎತ್ತಿ ಹಾಕಿ. ನೀರೂ ಎಣ್ಣೇನೂ ಸೇರಿ ಮಂದ ಆಯ್ತದೆ.

ಚೀಸ್ ವಿಷ್ಯ ಒಂದು ಕಿವಿಮಾತು. ಇಟಲಿಯ ಅಸಲಿ ಪಾರ್ಮೆಸಾನ್ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕಿ ಹೆಪ್ಪು ಹಾಕೋದು. ಮೊಟ್ಟೇನೇ ಬರ್ದ ಮನೆಗೆ ಅದು ಹೋಗೋದು ಬ್ಯಾಡ. ಹಸಿರು ಚುಕ್ಕೆ ನೋಡಿ ತಗೊಳಿ. ಇಲ್ಲಾಂದ್ರೆ ದಕ್ಷಿಣ ಇಟಲಿ ಬಡವರು ಮಾಡ್ತಿದ್ದಂಗೆ ಹಳೇ ಬ್ರೆಡ್ ಪುಡಿ ಮಾಡಿ, ಎಣ್ಣೇಲಿ ಗರಿಗರಿ ಹುರಿದು ಮೇಲೆ ಉದುರಿಸಿ. ನಂಗೆ ಅದೇ ಇಷ್ಟ.

ಕೆ.ಆರ್.ಪೇಟೆ ಹುಡ್ಗ

ಅಣ್ಣೋ, ರಾಗೀಲಿ ಆಗಲ್ವಾ? ರಾಗಿ ಪಾಸ್ತಾ ಅಂತ ಪ್ಯಾಕೆಟ್ ಮಾರ್ತಾರಲ್ಲ.

ಮದ್ದೂರು ಮೆಸ್

ರಾಗೀಲಿ ಅಂಟೇ ಇಲ್ಲ ಮಗ. ನಾಲ್ಕು ಪಾಲಲ್ಲಿ ಒಂದು ಪಾಲು ರಾಗಿ, ಮೂರು ಪಾಲು ಬನ್ಸಿ, ಅಷ್ಟರವರೆಗೆ ತಡ್ಕೊತದೆ. ಬರೀ ರಾಗೀದೇ ಬೇಕು ಅಂದ್ರೆ ಬೇಯ್ಸಿ ಶ್ಯಾವಿಗೆ ಒತ್ತು, ಮ್ಯಾಲೆ ಕಾಯಿಹಾಲು ಬಿಡು. ಅದನ್ನ ಪಾಸ್ತಾ ಅಂತ ಕರೀಬೇಕಾದ ಅವಮಾನ ಯಾಕೆ ಅದಕ್ಕೆ?

ವಿವಿ ಮೊಹಲ್ಲಾ ರುಚಿ

ಮಕ್ಕಳು ಮೂಲಂಗಿ ಸೊಪ್ಪು ಅಂದರೆ ಮುಖ ಸಿಂಡರಿಸಬಹುದು, ಒಂದು ಟೊಮ್ಯಾಟೊ ಸಾಸೂ ಇಟ್ಟುಕೊಳ್ಳಿ. ನಾಟಿ ಟೊಮ್ಯಾಟೊ ಹುಳಿ, ನೀರು ಜಾಸ್ತಿ. ಫಾರಂದು ತಿರುಳು ಜಾಸ್ತಿ, ರುಚಿ ಕಮ್ಮಿ. ಅರ್ಧ ಅರ್ಧ ಹಾಕಿ, ಸಿಪ್ಪೆ ತೆಗೆದು, ಎಣ್ಣೆ ಬಿಡೋವರೆಗೂ ಕುದಿಸಿ, ಚೂರು ಬೆಲ್ಲ. ಘಮಕ್ಕೆ ನಮ್ಮ ಕಾಮಕಸ್ತೂರಿ ಹಾಕಿ, ಅದು ಇಟಲಿಯವರ ಬೇಸಿಲ್ ಜಾತಿಯೇ, ಲವಂಗದ ವಾಸನೆ ಸ್ವಲ್ಪ ಮುಂದಿರಬಹುದು ಅಷ್ಟೇ. ಹೂವಿನ ಜೊತೆ ಕಟ್ಟೋ ಮರುಗ ಕೂಡ ಅವರ ಮಾರ್ಜೊರಮ್. ಆದರೆ ದೇವರಾಜ ಮಾರ್ಕೆಟ್ ಹೂವಿನ ಸಾಲಿಂದ ತಂದು ನೇರ ಬಾಣಲೆಗೆ ಹಾಕಬೇಡಿ. ಅದು ಮುಡಿಯೋಕೆ ಬೆಳೆದದ್ದು, ಏನು ಔಷಧಿ ಹೊಡೆದಿರ್ತಾರೋ. ಕುಂಡದಲ್ಲಿದ್ದರೆ ಕಿತ್ತುಕೊಳ್ಳಿ.

ಕುವೆಂಪುನಗರದ ಸೊಸೆ

ಕುಂಡದಲ್ಲಿ ಕಾಮಕಸ್ತೂರಿ ಇದೆ. ಅತ್ತೆ ಆಗಲೇ ಅಟ್ಟದಿಂದ ದೊಡ್ಡ ಮಣೆ ಇಳಿಸಿ ತೊಳೆದಿಟ್ಟಿದ್ದಾರೆ, ಮೊಮ್ಮಗಳಿಗಿಂತ ಇವರ ಉತ್ಸಾಹವೇ ಜಾಸ್ತಿ. ಅವರದೊಂದು ಕೊನೇ ಪ್ರಶ್ನೆ, ನಾನು ಹೇಳಿದ ಹಾಗೇ ಬರೀಬೇಕಂತೆ: "ಸೊಪ್ಪು ಬೆಂದ ನೀರು, ಗೋಧಿ ಗಂಜಿ ಬೇರೆ ಸೇರಿರುತ್ತೆ. ಅದನ್ನ ಸುಮ್ಮನೆ ಚೆಲ್ಲಿಬಿಡೋದಾ?"

ಮದ್ದೂರು ಮೆಸ್

ಅತ್ತೇರಿಗೆ ನಮಸ್ಕಾರ ಹೇಳಿ. ಚೆಲ್ಲಬ್ಯಾಡಿ ಅನ್ನಿ. ಸೊಪ್ಪು ಬಸಿದ ನೀರು ಅಂದ್ಮೇಲೆ ಬಸ್ಸಾರಿಗೆ ಅದಕ್ಕಿಂತ ಬೇಕಾ? ಉಪ್ಪು ಮಾತ್ರ ಜಾಸ್ತಿ ಇರ್ತದೆ. ಒಂದು ಪಾಲು ಆ ನೀರಿಗೆ ಎರಡು ಪಾಲು ಬೇಳೆ ಬೇಯ್ಸಿದ ಕಟ್ಟು ಸೇರ್ಸಿ, ಖಾರ ರುಬ್ಬುವಾಗ ಉಪ್ಪು ಹಾಕ್ದೆ ರುಬ್ಬಿ, ಕುದ್ದ ಮೇಲೆ ರುಚಿ ನೋಡಿ ಬೇಕಾದ್ರೆ ಹಾಕ್ಕೊಳಿ.